ಮುರುಗಲು ಸಿಪ್ಪೆಯ ಕಷಾಯದಲ್ಲಿ ಬಿಳಿ ಕದಡು ಬಂದದ್ದೇಕೆ?

ಪ್ರಶ್ನೆ: ಸರ್, ನಾನು ಕುಮಟಾದವಳು, ಬಿ.ಎಸ್ಸಿ. ಕೊನೆಯ ವರ್ಷ. ಪ್ರಾಜೆಕ್ಟಿಗಾಗಿ ಮನೆಯಲ್ಲಿದ್ದ ಒಣ ಮುರುಗಲು (ಕೋಕಂ) ಸಿಪ್ಪೆ ಕುದಿಸಿ, ಸೋಸಿ, ಸಿಲ್ವರ್ ನೈಟ್ರೇಟ್ ದ್ರಾವಣಕ್ಕೆ ಹಾಕಿದೆ. ಬೆಳ್ಳಿಯ ನ್ಯಾನೊ (ಅತಿ ಸೂಕ್ಷ್ಮ) ಕಣಗಳಾದರೆ ದ್ರಾವಣ ಕಂದಾಗುತ್ತದೆ ಎಂದು ಓದಿದ್ದೆ. ನನಗೆ ಬಂದದ್ದು ಹಾಲೊಡೆದಂಥ ಬಿಳಿ ಕದಡು. ಕಿಟಕಿ ಬಳಿ ಇಟ್ಟದ್ದು ಮಧ್ಯಾಹ್ನದೊಳಗೆ ಬೂದು-ನೇರಳೆಯಾಯಿತು. ಮೂರು ಸಲವೂ ಹೀಗೇ. ಮುರುಗಲು ಇದಕ್ಕೆ ಆಗುವುದಿಲ್ಲವೇ?

ಉತ್ತರ: ಮುರುಗಲು ಆಗುತ್ತದೆ. ನನ್ನ ಗುಮಾನಿ ಉಪ್ಪಿನ ಮೇಲೆ. ಅಡುಗೆಯ ಸಿಪ್ಪೆಯನ್ನು ನಮ್ಮ ಕಡೆ ಉಪ್ಪು ಹಾಕಿಯೇ ಬಿಸಿಲಿಗೆ ಹರಡುತ್ತಾರಲ್ಲ, ಆ ಉಪ್ಪಿನ ಕ್ಲೋರೈಡ್ ಬೆಳ್ಳಿಯನ್ನು ಸಿಲ್ವರ್ ಕ್ಲೋರೈಡ್ ಆಗಿ ತಳಕ್ಕಿಳಿಸುತ್ತದೆ. ಬೆಳಕು ತಾಗಿದರೆ ಅದು ಬೂದು-ನೇರಳೆಗೆ ತಿರುಗುತ್ತದೆ. ನೀವು ಕಂಡದ್ದು ಅದನ್ನೇ. ಬಾವಿ ನೀರು ಬಳಸಿದ್ದರೆ ಅದನ್ನೂ ಪರೀಕ್ಷಿಸಿ: ಬರೀ ನೀರಿಗೆ ಎರಡು ಹನಿ ಸಿಲ್ವರ್ ನೈಟ್ರೇಟ್ ಬಿಟ್ಟಾಗ ಬೆಳ್ಳಗಾದರೆ ಆ ನೀರು ಬೇಡ.

ಉಪ್ಪು ಸೋಕದ ಹಸಿ ಹಣ್ಣಿನ ಸಿಪ್ಪೆಯನ್ನು ನೆರಳಲ್ಲಿ ಒಣಗಿಸಿಕೊಳ್ಳಿ. 10 ಗ್ರಾಂ ಸಿಪ್ಪೆಗೆ 100 ಮಿ.ಲೀ. ಡಿಸ್ಟಿಲ್ಡ್ ವಾಟರ್ ಹಾಕಿ ಕಾಲು ಗಂಟೆ ಬಿಸಿ ಮಾಡಿ ಸೋಸಿ. 1 ಮಿಲಿಮೋಲಾರ್ ದ್ರಾವಣಕ್ಕೆ 100 ಮಿ.ಲೀ.ಗೆ 17 ಮಿಲಿಗ್ರಾಂ ಸಿಲ್ವರ್ ನೈಟ್ರೇಟ್ ಸಾಕು. ಸಿಪ್ಪೆಯ ಒಗರು ಸಂಯುಕ್ತಗಳಾದ ಪಾಲಿಫಿನಾಲ್‌ಗಳು ಬೆಳ್ಳಿ ಅಯಾನಿಗೆ ಎಲೆಕ್ಟ್ರಾನ್ ಕೊಟ್ಟು ಲೋಹವಾಗಿಸುತ್ತವೆ, ಹುಟ್ಟಿದ ಕಣಗಳಿಗೆ ಅಂಟಿಕೊಂಡು ಅವು ಒಂದಕ್ಕೊಂದು ಮೆತ್ತಿಕೊಳ್ಳದಂತೆ ತಡೆಯುತ್ತವೆ.

ಮುರುಗಲಿನ ಹುಳಿ ಈ ಕ್ರಿಯೆಯನ್ನು ನಿಧಾನ ಮಾಡುತ್ತದೆ. ಹಾಗಾಗಿ ಬೆಳ್ಳಿ ದ್ರಾವಣಕ್ಕೆ ಬೆರೆಸುವ ಮೊದಲು ಕಷಾಯಕ್ಕೇ ತೆಳು ಸೋಡಿಯಂ ಹೈಡ್ರಾಕ್ಸೈಡ್ ಹನಿಹನಿಯಾಗಿ ಸೇರಿಸಿ ಪಿಎಚ್ (ಹುಳಿ-ಕ್ಷಾರದ ಅಳತೆ) ಅನ್ನು 8ರ ಸುತ್ತ ತನ್ನಿ. ಕ್ಷಾರ ಅತಿಯಾದರೆ ಸಿಲ್ವರ್ ಆಕ್ಸೈಡ್ ಆಗುತ್ತದೆ, ಅದೂ ಕಂದೇ! ಸಾಲದ್ದಕ್ಕೆ ಮುರುಗಲಿನ ಕೆಂಪೂ ಪಿಎಚ್ ಜೊತೆ ಬಣ್ಣ ಬದಲಿಸುತ್ತದೆ. ಅದಕ್ಕೇ ಬೆಳ್ಳಿ ಹಾಕದ ಇನ್ನೊಂದು ನಳಿಕೆಯನ್ನು ಪಕ್ಕದಲ್ಲಿಡಿ. ದ್ರಾವಣ ಯಾವ ಬೆಳಕನ್ನು ಎಷ್ಟು ಹೀರುತ್ತದೆಂದು ಅಳೆಯುವ ಯುವಿ-ವಿಸಿಬಲ್ ಯಂತ್ರದಲ್ಲಿ 400ರಿಂದ 450 ನ್ಯಾನೊಮೀಟರ್ ತರಂಗಾಂತರದ ನಡುವೆ ಹೀರಿಕೆಯ ಏರು ಕಾಣುವ ತನಕ ಕಣಗಳಾದವೆಂದು ಬರೆಯಬೇಡಿ.

ಶಿರಸಿ ಕಡೆ ನೆಂಟರಿದ್ದರೆ ಅಡಿಕೆ ಬೇಯಿಸಿದ ಚೊಗರು ತರಿಸಿ ನೋಡಿ, ಅದರಲ್ಲಿ ಟ್ಯಾನಿನ್ ಎಂಬ ಪಾಲಿಫಿನಾಲ್ ಧಾರಾಳವಾಗಿದೆ. ಅದರ ಸ್ವಂತ ಬಣ್ಣವೇ ಗಾಢ, ಚೆನ್ನಾಗಿ ತೆಳು ಮಾಡಿಕೊಳ್ಳಬೇಕು.

ಇನ್ನೊಂದು ಮಾತು, ನೀವು ಕೇಳದಿದ್ದರೂ ಹೇಳಬೇಕು. ಇಲ್ಲಿ ಎಲೆಕ್ಟ್ರಾನ್ ಕೊಡುವ ಸೋಡಿಯಂ ಬೋರೋಹೈಡ್ರೈಡಿನಂಥ ರಾಸಾಯನಿಕದ ಜಾಗಕ್ಕೆ ಸಿಪ್ಪೆ ಬಂದಿದೆ, ಪರಿಸರಸ್ನೇಹಿ ಅನ್ನುವುದು ಅಷ್ಟಕ್ಕೇ. ಬೆಳ್ಳಿ ಬೆಳ್ಳಿಯೇ, ನೀರಿನ ಜೀವಿಗಳಿಗೆ ವಿಷ. ಅಘನಾಶಿನಿ ಅಳಿವೆಯ ಬಳಚು (ಚಿಪ್ಪುಜೀವಿ) ನೀರನ್ನು ಸೋಸಿಯೇ ಬದುಕುವುದು. ಉಳಿದ ದ್ರಾವಣ, ಆ ಮೂರು ಸಲದ ಕದಡು ಎಲ್ಲವನ್ನೂ ಸಿಂಕಿಗೆ ಸುರಿಯದೆ ಬಾಟಲಿಗೆ ತುಂಬಿ, 'ಬೆಳ್ಳಿ ತ್ಯಾಜ್ಯ' ಎಂದು ಚೀಟಿ ಅಂಟಿಸಿ ಲ್ಯಾಬಿನಲ್ಲಿ ಒಪ್ಪಿಸಿ.