ನನಗೆ 16 ವರ್ಷ, ಕಾದಂಬರಿ 42ನೇ ಪುಟಕ್ಕೆ ನಿಂತುಹೋಗಿದೆ. ಮುಗಿಸುವುದು ಹೇಗೆ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ: ಮೊದಲ ಪಿಯುಸಿ, ವಿಜ್ಞಾನ ವಿಭಾಗ. ದಾಯಾದಿಗಳ ಎರಡು ಮನೆಗಳ ಜಗಳದ ಮೇಲೆ ಕಾದಂಬರಿ ಶುರು ಮಾಡಿದ್ದೀರಿ. ಲಾಂಗ್ ಬುಕ್ಕಿನಲ್ಲಿ 42 ಪುಟ ಆಗಿ ನಿಂತಿದೆ, ಮೊದಲ ಅಧ್ಯಾಯವನ್ನು ಐದು ಸಲ ತಿದ್ದಿದ್ದೀರಿ. ಓದಿನ ನಡುವೆ ಮುಗಿಸುವುದು ಹೇಗೆ, ಯಾರು ಅಚ್ಚು ಮಾಡುತ್ತಾರೆ, ಮನೆಯಲ್ಲಿ ಹೇಳಬೇಕೋ ಬೇಡವೋ ಎಂದು ಕೇಳಿದ್ದೀರಿ.

ಮೊದಲು ಆ 42 ಪುಟದ ವಿಷಯ. ಮೊದಲ ಕಾದಂಬರಿಗಳು ನಿಲ್ಲುವುದು ಬಹುತೇಕ ಇದೇ ಜಾಗದಲ್ಲಿ. ಊರು, ಮನೆ, ಅಜ್ಜಿ, ಹಳೆಯ ಜಗಳದ ಹಿನ್ನೆಲೆ ಇವೆಲ್ಲ ನೆನಪಿನಿಂದ ತಾನಾಗಿ ಬರುತ್ತವೆ, ಬರೆಯುವುದಕ್ಕೆ ಖುಷಿಯೂ ಆಗುತ್ತದೆ. ಅದು ಮುಗಿದ ಕೂಡಲೇ ಕಥೆಯಲ್ಲಿ ಯಾರಾದರೂ ಏನಾದರೂ ಮಾಡಬೇಕು. ಮುಖ್ಯ ಪಾತ್ರ ಬರೀ ನೋಡುತ್ತ, ನೊಂದುಕೊಳ್ಳುತ್ತ ಕೂತಿದ್ದರೆ 43ನೇ ಪುಟದಲ್ಲಿ ಬರೆಯಲು ಏನೂ ಇರುವುದಿಲ್ಲ. ನೀವು ಪ್ರತಿಭೆ ಸಾಲದು ಅಂದುಕೊಂಡಿದ್ದೀರಿ. ನನಗೆ ಕಾಣುವುದು ಪಾತ್ರಕ್ಕೆ ಇನ್ನೂ ಕೆಲಸ ಕೊಟ್ಟಿಲ್ಲ ಎನ್ನುವುದಷ್ಟೇ.

ಒಂದು ಹಾಳೆಯಲ್ಲಿ ನಿಮ್ಮ ಕಥೆಯ ಹುಡುಗಿಯ ಬಗ್ಗೆ ಈ ವಾಕ್ಯ ತುಂಬಿಸಿ: ಇವಳಿಗೆ ಇಂಥದ್ದು ಬೇಕು, ಅದಕ್ಕೆ ಇಂಥವರು ಅಡ್ಡ, ಇಷ್ಟರೊಳಗೆ ಆಗದಿದ್ದರೆ ಇಂಥದ್ದು ಕೈತಪ್ಪುತ್ತದೆ. ‘ಇವಳಿಗೆ ನೆಮ್ಮದಿ ಬೇಕು’ ಎಂದು ಬರೆದರೆ ಉಪಯೋಗವಿಲ್ಲ. ನೆಮ್ಮದಿಗಾಗಿ ಯಾರೂ ಬೆಳಿಗ್ಗೆ ಎದ್ದು ಬಸ್ಸು ಹತ್ತುವುದಿಲ್ಲ. ‘ದೊಡ್ಡಪ್ಪನ ಕಪಾಟಿನಲ್ಲಿರುವ ಪಾಲುಪಟ್ಟಿಯ ಪ್ರತಿ, ಯುಗಾದಿಯೊಳಗೆ ಬೇಕು, ಇಲ್ಲದಿದ್ದರೆ ಬಾವಿ ಇರುವ ತುಂಡು ಮಾರಿಹೋಗುತ್ತದೆ’ ಎಂದು ಬರೆದುಕೊಳ್ಳಿ, ಒಂದೊಂದಾಗಿ ದೃಶ್ಯಗಳು ಕಾಣತೊಡಗುತ್ತವೆ. ಕಪಾಟಿನ ಬೀಗದ ಕೈ ಯಾರ ಸೊಂಟದಲ್ಲಿದೆ? ದೊಡ್ಡಮ್ಮ ಯಾವ ಹೊತ್ತಿಗೆ ಮನೆಯಲ್ಲಿರುವುದಿಲ್ಲ? ಅವರ ಮಗಳು ಇವಳ ಗೆಳತಿಯಾದರೆ?

ಆಮೇಲೆ ಹಳೆಯ ಗೋಡೆ ಕ್ಯಾಲೆಂಡರ್ ಹಾಳೆಗಳನ್ನು ಕತ್ತರಿಸಿ ಅಂಗೈ ಅಗಲದ ಸುಮಾರು 25 ಚೀಟಿ ಮಾಡಿಕೊಳ್ಳಿ. ಹಿಂಬದಿ ಖಾಲಿ ಇರುತ್ತದಲ್ಲ, ಅಲ್ಲಿ ಚೀಟಿಗೊಂದು ದೃಶ್ಯ: ಎಲ್ಲಿ ನಡೆಯಿತು, ಯಾರಿಗೆ ಏನು ಬೇಕಿತ್ತು, ಕೊನೆಗೆ ಏನು ಬದಲಾಯಿತು. ಮೂರನೆಯದಕ್ಕೆ ಉತ್ತರವಿಲ್ಲದ ಚೀಟಿ ಪಕ್ಕಕ್ಕೆ. ನೆಲದ ಮೇಲೆ ಸಾಲಾಗಿ ಹರಡಿ ಎರಡು ಚೀಟಿಗಳ ನಡುವೆ ಯಾವ ಪದ ಕೂರುತ್ತದೆ ಎಂದು ನೋಡಿ. ‘ಅದಕ್ಕೇ’ ಅಥವಾ ‘ಆದರೆ’ ಕೂತರೆ ಕಥೆ ಹೆಣೆದುಕೊಂಡಿದೆ. ‘ಆಮೇಲೆ’ ಮಾತ್ರ ಕೂರುವ ಕಡೆ ಕಥೆ ಸಡಿಲವಾಗಿದೆ, ಓದುಗ ಪುಸ್ತಕ ಮುಚ್ಚುವುದೂ ಅಲ್ಲೇ. ಈ ಕೆಲಸಕ್ಕೆ ಎರಡು ಭಾನುವಾರ ಸಾಕು. ಇನ್ನೂ ಹೆಚ್ಚು ದಿನ ಕೂತರೆ ಚೀಟಿ ಜೋಡಿಸುವುದೇ ಬರೆಯದಿರಲು ನೆಪವಾಗುತ್ತದೆ.

ಈಗ ಲೆಕ್ಕ. ಇಂಟರ್ನೆಟ್ಟಿನಲ್ಲಿ ಕಾದಂಬರಿ ಎಂದರೆ 80,000 ಪದ ಎಂದು ಓದಿ ಹೆದರಿದ್ದರೆ, ಅದು ಇಂಗ್ಲಿಷಿನ ಅಳತೆ. ನಮ್ಮಲ್ಲಿ ವಿಭಕ್ತಿ, ಕ್ರಿಯೆ, ಕಾಲ ಎಲ್ಲ ಒಂದೇ ಪದಕ್ಕೆ ಅಂಟಿಕೊಳ್ಳುತ್ತವೆ. ‘ಮನೆಯಲ್ಲಿದ್ದಾಗಲೇ’ ಎನ್ನುವ ಒಂದು ಪದಕ್ಕೆ ಅವರಿಗೆ ನಾಲ್ಕೈದು ಪದ ಬೇಕು. ಕನ್ನಡದ ಡೆಮಿ 1/8 ಆಕಾರದ, ಅಂದರೆ ಕಾದಂಬರಿಗಳು ಸಾಮಾನ್ಯವಾಗಿ ಬರುವ ಅಳತೆಯ ಪುಸ್ತಕದಲ್ಲಿ ಪುಟಕ್ಕೆ ಸುಮಾರು 200ರಿಂದ 250 ಪದ ಹಿಡಿಯುತ್ತವೆ. 30,000 ಪದ ಬರೆದರೆ 120ರಿಂದ 150 ಪುಟದ ಪುಸ್ತಕ. ಮುದ್ರಣಾಲಯದಲ್ಲಿ 16 ಪುಟಕ್ಕೆ ಒಂದು ಫಾರಂ ಎಂದು ಎಣಿಸುತ್ತಾರೆ, ಅಂದರೆ ಹೆಚ್ಚುಕಮ್ಮಿ ಎಂಟರಿಂದ ಹತ್ತು ಫಾರಂ. ಮೊದಲ ಕಾದಂಬರಿಗೆ ಇದು ಧಾರಾಳ. ಲಾಂಗ್ ಬುಕ್ಕಿನ ಒಂದು ಪುಟಕ್ಕೆ 150 ಪದ ಹಿಡಿದರೂ ನಿಮ್ಮ 42 ಪುಟ ಎಂದರೆ 6,000ಕ್ಕಿಂತ ಹೆಚ್ಚು, ಐದರಲ್ಲಿ ಒಂದು ಪಾಲು ಆಗಲೇ ಮುಗಿದಿದೆ. ಉಳಿದದ್ದು 24,000. ದಿನಕ್ಕೆ 300 ಪದ, ಅಂದರೆ ಎರಡು ಪುಟ, ವಾರಕ್ಕೆ ಐದು ದಿನ ಎಂದರೆ 16 ವಾರ. ಜೂನ್ ಎರಡನೇ ವಾರ ಹಿಡಿದರೆ ಸೆಪ್ಟೆಂಬರ್ ಕೊನೆ. ಕಿರುಪರೀಕ್ಷೆ, ಹಬ್ಬ, ಜ್ವರ ಎಂದು ಇನ್ನೊಂದು ತಿಂಗಳು ಸೇರಿಸಿ, ಅಕ್ಟೋಬರ್ ಮುಗಿಯುವಷ್ಟರಲ್ಲಿ ಕರಡು ಕೈಯಲ್ಲಿರುತ್ತದೆ. ನವೆಂಬರಿನಿಂದ ವಾರ್ಷಿಕ ಪರೀಕ್ಷೆ ಮುಗಿಯುವ ತನಕ ಅದನ್ನು ಮುಟ್ಟಬೇಡಿ. ಕರಡು ಹೇಗೂ ಕೆಲವು ತಿಂಗಳು ಆರಬೇಕು, ನಿಮಗೆ ಹೇಗೂ ಓದಬೇಕು. ಎರಡನೆಯ ಕರಡಿಗೆ ಏಪ್ರಿಲ್-ಮೇ ರಜೆ ಇದೆ.

300 ಪದ ಕೈಯಲ್ಲಿ ಬರೆಯಲು 35ರಿಂದ 40 ನಿಮಿಷ ಹಿಡಿಯುತ್ತದೆ. ಬೆಳಿಗ್ಗೆ, ಮೊಬೈಲ್ ಮುಟ್ಟುವ ಮುಂಚೆ ಕೂರುವುದೇ ನನ್ನ ಮಟ್ಟಿಗೆ ಸರಿಯಾದ ಹೊತ್ತು. ರಾತ್ರಿಗೆ ಎತ್ತಿಟ್ಟದ್ದನ್ನು ರೆಕಾರ್ಡ್ ಬುಕ್ಕು ಮತ್ತು ಹೋಂವರ್ಕ್ ನುಂಗಿಬಿಡುತ್ತವೆ. ಬಲಗಡೆ ಪುಟದಲ್ಲಿ ಮಾತ್ರ ಬರೆಯಿರಿ, ಎಡಪುಟ ಖಾಲಿ ಇರಲಿ. ಅರ್ಧ ದಾರಿಯಲ್ಲಿ ಅತ್ತೆಯ ಪಾತ್ರ ಬದಲಾಯಿತೋ, ಹಿಂದೆ ಹೋಗಿ ತಿದ್ದಬೇಡಿ. ಎಡಪುಟದಲ್ಲಿ ‘ಇಲ್ಲಿಂದ ಅತ್ತೆ ತವರಿಗೆ ಬಂದು ಎರಡು ವರ್ಷವಾಗಿದೆ’ ಎಂದು ಗುರುತು ಹಾಕಿ, ಮೊದಲಿನಿಂದಲೂ ಹಾಗೇ ಇತ್ತು ಎನ್ನುವಂತೆ ಮುಂದುವರಿಯಿರಿ. ಬರೆದಾದ ಪುಟಗಳಿಗೆ ಒಂದು ರಬ್ಬರ್ ಬ್ಯಾಂಡ್ ಹಾಕಿಬಿಡಿ. ಐದು ಸಲ ತಿದ್ದಿದ ನಿಮ್ಮ ಮೊದಲ ಅಧ್ಯಾಯ, ಕೊನೆಯ ಅಧ್ಯಾಯ ಬರೆದ ಮೇಲೆ ಬಹುಶಃ ಪೂರ್ತಿ ಹೋಗುತ್ತದೆ. ಕಥೆ ಎಲ್ಲಿಂದ ಶುರುವಾಗಬೇಕು ಎಂಬುದು ಗೊತ್ತಾಗುವುದೇ ಆಗ. ದೃಶ್ಯ ಮುಗಿದಾಗ ಏಳಬೇಡಿ, ನಡುವೆ ನಿಲ್ಲಿಸಿ, ಮುಂದೇನು ಎಂದು ಎರಡು ಸಾಲು ಗೀಚಿಟ್ಟು ಏಳಿ. ಮರುದಿನ ಖಾಲಿ ಹಾಳೆಯನ್ನು ಎದುರಿಸಬೇಕಾಗಿಲ್ಲ.

ಭಾಷೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಹದಿಹರೆಯದವರ ಕರಡು ಸೋಲುವುದು ಕಥೆಗಿಂತ ಇಲ್ಲೇ ಹೆಚ್ಚು. ಮೊದಲ ಅಧ್ಯಾಯದಲ್ಲೇ ತೀರ್ಮಾನವಾಗಬೇಕಾದ ಒಂದು ಸಂಗತಿ ಇದೆ: ನಿರೂಪಣೆಯಲ್ಲಿ ಅಪ್ಪ ‘ಬಂದರು’ ಆಗುತ್ತಾರೋ ‘ಬಂದ’ ಆಗುತ್ತಾನೋ? ಅಜ್ಜಿ ‘ಅಂದಳು’ ಆಗುತ್ತಾಳೋ ‘ಅಂದರು’ ಆಗುತ್ತಾರೋ? ಕೆಲವು ಮನೆಗಳಲ್ಲಿ ಅಪ್ಪನಿಗೆ ಬಹುವಚನ ತಪ್ಪುವಂತಿಲ್ಲ, ಕೆಲವು ಮನೆಗಳಲ್ಲಿ ಏಕವಚನವೇ ಸಲುಗೆ. ನಿಮ್ಮ ಕಥೆಯ ಮನೆ ಯಾವುದು ಎಂದು ನಿಶ್ಚಯಿಸಿ ಕೊನೆಯ ಚೀಟಿಯಲ್ಲಿ ಪಾತ್ರಗಳ ಪಟ್ಟಿ ಮಾಡಿ, ಪ್ರತಿಯೊಬ್ಬರ ಮುಂದೆ ಯಾರು ಯಾರನ್ನು ನೀನು, ನೀವು ಎನ್ನುತ್ತಾರೆ ಎಂದು ಬರೆದಿಡಿ. ದೊಡ್ಡಪ್ಪ 20ನೇ ಪುಟದಲ್ಲಿ ‘ಹೇಳಿದರು’, 60ರಲ್ಲಿ ‘ಹೇಳಿದ’ ಆದರೆ ಓದುಗರು ನಡುವೆ ಮರ್ಯಾದೆ ಹೋಗುವಂಥದ್ದೇನೋ ನಡೆದಿದೆ ಎಂದು ಹುಡುಕುತ್ತಾರೆ. ಬೇಕೆಂದೇ ಹಾಗೆ ಮಾಡಿದರೆ ಅದರಂಥ ಹತಾರ ಇಲ್ಲ: ಜಗಳದ ಮರುದಿನ ಹುಡುಗಿ ದೊಡ್ಡಪ್ಪನನ್ನು ಮೊದಲ ಸಲ ಏಕವಚನದಲ್ಲಿ ನೆನೆದರೆ, ಒಂದು ಪುಟ ಕೋಪದ ವರ್ಣನೆ ಉಳಿಯಿತು.

ಇಂಗ್ಲಿಷ್ ಕಾದಂಬರಿ ಓದಿ ಬೆಳೆದವರ ಕನ್ನಡದಲ್ಲಿ ಇನ್ನೊಂದು ತೊಂದರೆ. ‘ಅವನು ತನ್ನ ಕೈಗಳನ್ನು ತನ್ನ ಜೇಬುಗಳಲ್ಲಿ ಇಟ್ಟುಕೊಂಡನು.’ ನಾವು ಹಾಗೆ ಹೇಳುವುದಿಲ್ಲ. ‘ಜೇಬಿಗೆ ಕೈ ಇಳಿಬಿಟ್ಟ’ ಎಂದರೆ ಮುಗಿಯಿತು. ‘ಅವನು’, ‘ತನ್ನ’, ‘-ಗಳು’ ಎಲ್ಲೆಲ್ಲಿ ತೆಗೆದರೂ ಅರ್ಥ ಕೆಡುವುದಿಲ್ಲವೋ ಅಲ್ಲೆಲ್ಲ ತೆಗೆಯಿರಿ.

ದುಃಖದ ಜಾಗಗಳನ್ನು ಹತ್ತಿರದಿಂದ ನೋಡೋಣ. ಮೊದಲ ಕರಡಿನಲ್ಲಿ ಸಾಮಾನ್ಯವಾಗಿ ಬರುವುದು ಹೀಗೆ:

‘ತಂದೆಯ ಮಾತು ಕೇಳಿ ಸುಮಾಳ ಹೃದಯ ಒಡೆದು ಚೂರಾಯಿತು. ಅವಳು ದುಃಖದ ಕಡಲಿನಲ್ಲಿ ಮುಳುಗಿದಳು.’

ಇದನ್ನೇ ಅಡುಗೆಮನೆಗೆ ತನ್ನಿ:

‘ಈ ವರ್ಷ ಹಾಸ್ಟೆಲ್ ಬೇಡ,’ ಅಂದರು ಅಪ್ಪ, ತಟ್ಟೆಯಿಂದ ತಲೆ ಎತ್ತದೆ. ಸುಮಾ ಸೌಟನ್ನು ಸಾರಿನ ಪಾತ್ರೆಗೆ ವಾಪಸು ಇಳಿಬಿಟ್ಟಳು. ‘ಮಜ್ಜಿಗೆ ಬಡಿಸ್ಲಾ?’

ಎರಡನೆಯದರಲ್ಲಿ ದುಃಖ ಎಂಬ ಪದವೇ ಇಲ್ಲ. ಅಪ್ಪ ತಲೆ ಎತ್ತದಿರುವುದರಿಂದ ಅವರಿಗೂ ಇದು ಸುಲಭವಲ್ಲ ಎಂದು ಗೊತ್ತಾಗುತ್ತದೆ. ಮಗಳು ಸಾರು ಬಡಿಸದೆ ನೇರ ಮಜ್ಜಿಗೆಗೆ ಹೋದಳು, ಅಂದರೆ ಈ ಊಟ ಬೇಗ ಮುಗಿಯಲಿ ಎಂದು. ಓದುಗರು ಇದನ್ನೆಲ್ಲ ತಾವೇ ಕೂಡಿಸಿಕೊಳ್ಳುತ್ತಾರೆ, ತಾವೇ ಕೂಡಿಸಿಕೊಂಡದ್ದು ಅವರನ್ನು ತಟ್ಟುತ್ತದೆ. ನಿಮ್ಮ ಕರಡಿನಲ್ಲಿ ಹೃದಯ, ಕಣ್ಣೀರು, ಕನಸು, ಮೌನ ಎಂಬ ನಾಲ್ಕು ಪದಗಳ ಕೆಳಗೆ ಗೆರೆ ಎಳೆಯುತ್ತ ಹೋಗಿ. ಗೆರೆ ಬಿದ್ದ ಕಡೆಯಲ್ಲೆಲ್ಲ ಆ ಹೊತ್ತಿಗೆ ಪಾತ್ರದ ಕೈಯಲ್ಲಿ ಏನಿತ್ತು ಎಂದು ಕೇಳಿಕೊಳ್ಳಿ.

ಸಂಭಾಷಣೆ ನಿಮ್ಮ ಊರಿನ ಮಾತಿನಲ್ಲೇ ಇರಲಿ, ಗ್ರಾಂಥಿಕ ಬೇಡ. ಧಾರವಾಡದ ಕಡೆಯ ಪಾತ್ರ ‘ಏನ್ ಮಾಡಾಕತ್ತೀರಿ’ ಎನ್ನಲಿ, ಮಂಗಳೂರಿನದು ‘ಎಂತ ಮಾರಾಯ’ ಎನ್ನಲಿ. ಆದರೆ ಕೇಳಿ ಗೊತ್ತಿಲ್ಲದ ಸೀಮೆಯ ಕನ್ನಡವನ್ನು ಸಿನಿಮಾದಿಂದ ಎತ್ತಿ ತರಬೇಡಿ, ಆ ಊರಿನವರಿಗೆ ಎರಡೇ ಸಾಲಿನಲ್ಲಿ ಗೊತ್ತಾಗುತ್ತದೆ.

ಏಪ್ರಿಲ್‌ನಲ್ಲಿ ಕರಡು ತೆಗೆದಾಗ ಮೊದಲು ಎರಡು ದಿನದಲ್ಲಿ ಪೂರ್ತಿ ಓದಿ, ಪೆನ್ನು ಹಿಡಿಯದೆ. ಆಮೇಲೆ ದೃಶ್ಯಗಳ ಕ್ರಮ ತಿದ್ದಿ, ಆಮೇಲೆ ವಾಕ್ಯ, ಕೊನೆಗೆ ಕಾಗುಣಿತ. ಹಿಂದುಮುಂದು ಮಾಡಿದರೆ ತೆಗೆದುಹಾಕಬೇಕಾದ ಪುಟಕ್ಕೆ ವಾರಗಟ್ಟಲೆ ಹೊಳಪು ಕೊಟ್ಟಿರುತ್ತೀರಿ. ಕಾಗುಣಿತದಲ್ಲಿ ವಿದ್ಯಾರ್ಥಿ ‘ವಿಧ್ಯಾರ್ಥಿ’ ಆಗುವುದು, ಹೃದಯ ‘ಹ್ರದಯ’ ಆಗುವುದು ಸಾಮಾನ್ಯ ತಪ್ಪು. ಸಂಪಾದಕರ ಕಣ್ಣಿಗೆ ಮೊದಲು ಬೀಳುವುದೂ ಇವೇ. ಟೈಪ್ ಮಾಡುವುದನ್ನು ಇದೇ ಹೊತ್ತಿಗೆ ಇಟ್ಟುಕೊಳ್ಳಿ, ಅದೇ ನಿಮ್ಮ ಎರಡನೆಯ ಕರಡು. ಯಾವ ಫೋನು, ಕಂಪ್ಯೂಟರಿನಲ್ಲೂ ಅಕ್ಷರ ಸರಿಯಾಗಿ ಕಾಣುವ ಯುನಿಕೋಡ್‌ನಲ್ಲೇ ಟೈಪ್ ಮಾಡಿ, ಫೋನಿನ ಜಿಬೋರ್ಡ್ ಕೀಲಿಮಣೆ ಆದರೂ ಸರಿ, ಕಂಪ್ಯೂಟರಿನಲ್ಲಿ ನುಡಿ ತಂತ್ರಾಂಶದ ಯುನಿಕೋಡ್ ಆದರೂ ಸರಿ. ಪ್ರತಿ ಭಾನುವಾರ ನಿಮ್ಮ ಇಮೇಲಿಗೇ ಒಂದು ಪ್ರತಿ ಕಳಿಸಿಕೊಳ್ಳಿ. ಮುದ್ರಣಕ್ಕೆ ಹೋದಾಗ ಕೆಲವರು ಅದನ್ನು ಹಳೆಯ ಫಾಂಟಿಗೆ ಪರಿವರ್ತಿಸುತ್ತಾರೆ, ಆಗ ಅರ್ಕಾವೊತ್ತು, ಒತ್ತಕ್ಷರ, ‘ಫೇಸ್‌ಬುಕ್’ನಂಥ ಪದಗಳು ಚೆದುರುತ್ತವೆ. ಕರಡಚ್ಚು (ಪ್ರೂಫ್) ನೋಡುವಾಗ ಮೊದಲು ಅಲ್ಲಿಗೆ ಕಣ್ಣು ಹಾಯಿಸಿ.

ಓದಿಸುವುದಾದರೆ ಮೂರು ಜನ ಸಾಕು, ಅದರಲ್ಲಿ ಒಬ್ಬರು ಕಾದಂಬರಿ ಓದುವ ಅಭ್ಯಾಸವಿರುವ ಹಿರಿಯರಾಗಿರಲಿ. ‘ಹೇಗಿದೆ’ ಎಂದು ಕೇಳಿದರೆ ‘ಚೆನ್ನಾಗಿದೆ’ ಎನ್ನುತ್ತಾರೆ. ಎಲ್ಲಿ ಓದುವುದು ನಿಲ್ಲಿಸಿ ಎದ್ದಿರಿ, ಯಾರ ಹೆಸರು ಮರೆತುಹೋಯಿತು, ಯಾವ ಮಾತು ನಂಬಲಿಲ್ಲ ಎಂದು ಕೇಳಿ.

ಪ್ರಕಟಣೆಗೆ ಆತುರ ಬೇಡ ಎಂಬುದು ನನ್ನ ಗಟ್ಟಿ ಅಭಿಪ್ರಾಯ. 1904ರಲ್ಲಿ ಹುಟ್ಟಿದ ಕುವೆಂಪು ಹದಿಹರೆಯದಲ್ಲಿ, 1922ರಲ್ಲಿ, ಅಚ್ಚು ಹಾಕಿಸಿದ್ದು ಇಂಗ್ಲಿಷ್ ಕವನಗಳ ಒಂದು ಕಿರುಪುಸ್ತಕ. ಅವರ ಮೊದಲ ಕಾದಂಬರಿ ಬಂದದ್ದು 1936ರಲ್ಲಿ. ನೀವು ಮೊದಲು ಸಣ್ಣಕಥೆಗಳನ್ನು ಸುಧಾ, ಮಯೂರ, ತರಂಗ, ತುಷಾರ, ಕಸ್ತೂರಿಯಂಥ ಪತ್ರಿಕೆಗಳಿಗೆ ಕಳಿಸಿ ನೋಡಿ. ಒಂದು ಕಥೆ ಒಂದೇ ಪತ್ರಿಕೆಗೆ, ಉತ್ತರ ಬರುವ ತನಕ ಬೇರೆ ಕಡೆ ಕಳಿಸಬಾರದು. ಪ್ರತಿಲಿಪಿಯಂಥ ಆ್ಯಪಿನಲ್ಲಿ ಧಾರಾವಾಹಿ ಹಾಕಿದರೆ ಓದುಗರು ಬೇಗ ಸಿಗುತ್ತಾರೆ. ಆದರೆ ಹಾಗೆ ಬಂದದ್ದನ್ನು ಪತ್ರಿಕೆಗಳು ‘ಈಗಾಗಲೇ ಪ್ರಕಟವಾದದ್ದು’ ಎಂದೇ ಎಣಿಸುತ್ತವೆ. ಅಲ್ಲಿ ಊರು, ಕಾಲೇಜು, ಫೋನ್ ನಂಬರ್ ಹಾಕಬೇಡಿ. ‘ನಿಮ್ಮ ಅಭಿಮಾನಿ’ ಎಂದು ಖಾಸಗಿಯಾಗಿ ಮಾತಿಗೆ ಎಳೆಯುವ ದೊಡ್ಡವರಿಗೆ ಉತ್ತರ ಕೊಡಬೇಡಿ.

‘ನಿಮ್ಮ ಕಾದಂಬರಿ ಆಯ್ಕೆಯಾಗಿದೆ, ಇಷ್ಟು ಸಾವಿರ ಕಟ್ಟಿ’ ಎನ್ನುವವರು ನಿಮ್ಮನ್ನು ಆಯ್ಕೆ ಮಾಡಿಲ್ಲ, ನಿಮಗೆ ಮುದ್ರಣ ಮಾರುತ್ತಿದ್ದಾರೆ. ಪ್ರಕಾಶಕರು ತಮ್ಮ ದುಡ್ಡಿನಲ್ಲಿ ಅಚ್ಚು ಹಾಕಿ ನಿಮಗೆ ಗೌರವಧನವನ್ನೋ ಪ್ರತಿಗಳನ್ನೋ ಕೊಡಬೇಕು. 18 ತುಂಬುವ ತನಕ 1872ರ ಕರಾರು ಕಾಯಿದೆಯ ಪ್ರಕಾರ ನಿಮ್ಮ ಸಹಿಯ ಒಪ್ಪಂದ ನಿಲ್ಲುವುದಿಲ್ಲ, ಪೋಷಕರು ಸಹಿ ಮಾಡಬೇಕು. ಆದರೆ ಬರೆದ ಕ್ಷಣದಿಂದ ಹಕ್ಕುಸ್ವಾಮ್ಯ ನಿಮ್ಮದೇ, ಅದಕ್ಕೆ ವಯಸ್ಸಿನ ಮಿತಿ ಇಲ್ಲ, ನೋಂದಣಿ ಕಡ್ಡಾಯವಲ್ಲ. ಒಪ್ಪಂದದಲ್ಲಿ ‘ಎಲ್ಲ ಹಕ್ಕು ಶಾಶ್ವತವಾಗಿ’ ಎಂಬ ಸಾಲು ಇದ್ದರೆ ಹೊಡೆದುಹಾಕಿಸಿ, ಎಷ್ಟು ವರ್ಷ, ಎಷ್ಟು ಪ್ರತಿ ಎಂದು ಬರೆಸಿ. ಅವಧಿ ಬರೆದೇ ಇಲ್ಲದಿದ್ದರೆ 1957ರ ಹಕ್ಕುಸ್ವಾಮ್ಯ ಕಾಯಿದೆ ಐದು ವರ್ಷ ಎಂದು ಹಿಡಿಯುತ್ತದೆ. ಮುಂದೆ ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನಕ್ಕೆ ಅರ್ಜಿ ಕರೆದಾಗ ವಯೋಮಿತಿಯ ಷರತ್ತು ನೋಡಿಕೊಂಡು ಹಾಕಬಹುದು. ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರಕ್ಕೆ 35ರ ತನಕ ಅವಕಾಶವಿದೆ.

ಮನೆಯಲ್ಲಿ ಹೇಳಬೇಕೋ ಎಂದಿರಿ. ಹೇಳಿ. ದಾಯಾದಿ ಜಗಳದ ಕಥೆ ಎಂದಿದ್ದೀರಿ, ಹಾಗಾಗಿ ಹೇಳುವ ಮುಂಚೆ ಹೆಸರು, ಊರು, ಕಸುಬು ಮೂರನ್ನೂ ಬದಲಿಸಿ. ಹೆಸರು ಮಾತ್ರ ಬದಲಿಸಿದರೆ ದೊಡ್ಡಪ್ಪ ತಮ್ಮನ್ನು ಗುರುತು ಹಿಡಿಯುತ್ತಾರೆ. ಆಮೇಲೆ 16 ವಾರದ ಲೆಕ್ಕವನ್ನು ಒಂದು ಕ್ಯಾಲೆಂಡರಿನಲ್ಲಿ ಬರೆದು, ನವೆಂಬರಿನಿಂದ ಮಾರ್ಚ್ ತನಕದ ಚೌಕಗಳಲ್ಲಿ ‘ಓದು ಮಾತ್ರ’ ಎಂದು ತುಂಬಿಸಿ ಅಪ್ಪ ಅಮ್ಮನ ಮುಂದಿಡಿ. ಹಸ್ತಪ್ರತಿಯನ್ನು ಅವರು ಕೇಳಿದಾಗ ತೋರಿಸಿದರೆ ಸಾಕು.