ಮರಿ ಬೆಳೆಯುತ್ತಿಲ್ಲ ಅಂದ್ರೆ ಮೊದಲು ಗಾಯರಾಣ ನೋಡಿ

ಪ್ರಶ್ನೆ: ನಮ್ಮ ಕುರಿಗಳು ಬೆಳಗಿನಿಂದ ಸಂಜೆವರೆಗೂ ಊರ ಗಾಯರಾಣದಲ್ಲೇ (ಗೋಮಾಳ) ಮೇಯುತ್ತವೆ. ಆದರೂ ಮರಿಗಳು ಮೈ ಹಿಡಿಯುತ್ತಿಲ್ಲ. ಯಾವ ಟಾನಿಕ್ ಕೊಡಬೇಕು? (ಹುನಗುಂದ ತಾಲೂಕಿನ ಓದುಗರು)

ಉತ್ತರ: ಪ್ರತಿ ಮಳೆಗಾಲ ಇದೇ ಪ್ರಶ್ನೆ, ಕೊನೆಗೆ ಟಾನಿಕ್ಕೇ. ಯಾವ ಟಾನಿಕ್ಕೂ ಬೇಡ. ಎಷ್ಟು ಹೊತ್ತು ಮೇಯಿತು ಅನ್ನೋದಲ್ಲ, ಹೊಟ್ಟೆಗೆ ಎಷ್ಟು ಹೋಯಿತು ಅನ್ನೋದು ಲೆಕ್ಕ. 20 ಕಿಲೋ ತೂಕದ ಮರಿಗೆ ದಿನಕ್ಕೆ 600ರಿಂದ 800 ಗ್ರಾಂ ಒಣಮೇವು ಬೇಕು, ಹಸಿ ಹುಲ್ಲಾದರೆ ಸುಮಾರು 3 ಕಿಲೋ. ಹುಲ್ಲು ನೆಲಕ್ಕೆ ಅಂಟಿಕೊಂಡಿದ್ದರೆ ಒಂದು ಸಲ ಬಾಯಿ ಹಾಕಿದರೆ ನಾಲ್ಕು ಎಸಳು ಸಿಗುತ್ತೆ, ಉಳಿದ ಹೊತ್ತೆಲ್ಲ ನಡೆಯೋದೇ ಆಗುತ್ತೆ, ತಿಂದದ್ದು ಅಲ್ಲೇ ಖರ್ಚು. ದೊಡ್ಡ ಕುರಿಗಳು ಮುಂದೆ ನುಗ್ಗಿ ಎಲೆ ಮುಗಿಸುತ್ತವೆ, ಹಿಂದೆ ಬರೋ ಮರಿಗೆ ಬರೀ ಕಡ್ಡಿ.

ಇನ್ನೊಂದು ಪೆಟ್ಟು ಜಂತುವಿನದು. ಹಿಕ್ಕೆಯಿಂದ ಬಂದ ಮರಿಹುಳ ಹುಲ್ಲಿನ ಬುಡದ ಎರಡು ಇಂಚಿನಲ್ಲೇ ಜಾಸ್ತಿ ಇರುತ್ತೆ. ಬುಡದವರೆಗೆ ಮೇಯಿಸಿದರೆ ನೀವೇ ತಿನ್ನಿಸಿದಂಗೆ. ಮರಿಯ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ. ಒಳಗೆ ಕೆಂಪಿರಬೇಕು, ಬಿಳಿಚಿದ್ದರೆ ಜಂತು ರಕ್ತ ಹೀರುತ್ತಿದೆ ಅಂತಲೇ ಮೊದಲು ಅನುಮಾನ ಪಡಿ. ಹಿಕ್ಕೆ ತಗೊಂಡು ಪಶು ಆಸ್ಪತ್ರೆಗೆ ಹೋಗಿ ಪರೀಕ್ಷೆ ಮಾಡಿಸಿ, ಔಷಧಿ ಆಮೇಲೆ.

ಮಳೆಗಾಲದಲ್ಲಿ ಮೇಯಿಸೋ ಜಾಗವನ್ನು ನಾಲ್ಕು ಪಾಲು ಮಾಡಿ, ವಾರ ತುಂಬೋದರೊಳಗೆ ಪಾಲು ಬದಲಿಸಿ. ಮೇಯ್ದ ಪಾಲಿಗೆ ಸುಮಾರು ಮೂರು ವಾರ ಬಿಡುವು ಸಿಗಲಿ. ಎಲೆಯೇ ಉಳಿಯದಿದ್ದರೆ ಬೇರು ಸೊರಗಿ ಮುಂದಿನ ಮಳೆಗೂ ಹುಲ್ಲು ಏಳಲ್ಲ. ಊರಿನ ಎಲ್ಲ ಹಿಂಡೂ ಅಲ್ಲೇ ಬರುತ್ತೆ ಅಂತೀರಿ, ಗೊತ್ತು. ಹಿರಿಯರನ್ನು ಕೂಡಿಸಿ ಮಾತಾಡಿ, ಬೇರೆ ದಾರಿಯಿಲ್ಲ. ಸಂಜೆ ದಡ್ಡಿಯಲ್ಲಿ (ಕುರಿ ಕೂಡಿಹಾಕೋ ಜಾಗ) ಮರಿಗಳಿಗೆ ಬೇರೆಯಾಗಿ ಶೇಂಗಾ ಹೊಟ್ಟು, ತೊಗರಿ ಹೊಟ್ಟು ಹಾಕಿ. ಗಬ್ಬ ನಿಲ್ಲದ ಮುದಿ ಕುರಿಗಳನ್ನು ಬೇಸಿಗೆಗೆ ಮೊದಲೇ ಅಮೀನಗಡದ ಸಂತೆಗೆ ಹೊಡೆಯಿರಿ. ಹಿಂಡು ದೊಡ್ಡದಾದಷ್ಟೂ ಲಾಭ ಅನ್ನೋದು ಸುಳ್ಳು, ಹುಲ್ಲು ಅಷ್ಟೇ ಇದ್ದು ಬಾಯಿ ಹೆಚ್ಚಾದರೆ ಪ್ರತಿ ಮರಿಯ ತೂಕವೂ ಇಳಿಯುತ್ತೆ.

ಮತ್ತೆ, ಬೈಕಿನ ಮೇಲೆ ಬಂದು 'ತೂಕದ ಇಂಜೆಕ್ಷನ್' ಚುಚ್ಚೋರನ್ನು ದಡ್ಡಿ ಹತ್ತಿರ ಸೇರಿಸಬೇಡಿ. ಸ್ಟೆರಾಯ್ಡ್ ಆಗಿದ್ದರೆ ರೋಗ ತಡೆಯೋ ಶಕ್ತಿಯೇ ಹೋಗುತ್ತೆ.

ಪ್ರಶ್ನೆ: ಕುರಿಯ ಗದ್ದದ ಕೆಳಗೆ ಬಾವು ಬಂದಿದೆ, ಬರೆ ಹಾಕಿಸಲೇ? (ಅಥಣಿ)

ಉತ್ತರ: ಹಾಕಿಸಬೇಡಿ, ಅದು ಹಿಂಸೆ. ಬಹಳ ಸಲ ಆ ಬಾವೂ ಜಂತುವಿನದೇ ಕಾಟ, ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ಮಳೆ ಕೈಕೊಟ್ಟು ಜೋಳ ಮೊಳಕಾಲುದ್ದಕ್ಕೇ ಬಾಡಿದೆ. ಕುರಿ ಬಿಡಬಹುದಾ? (ಸಿಂದಗಿ)

ಉತ್ತರ: ಬೇಡ. ಬಾಡಿದ ಎಳೆ ಜೋಳದಲ್ಲಿ ಸಯನೈಡ್ ವಿಷ ಇರುತ್ತೆ, ಕೆಲವೇ ನಿಮಿಷದಲ್ಲಿ ಕುರಿ ಸಾಯಬಹುದು.