ಓದುಗರ ಪ್ರಶ್ನೆ: ನಗಿಸುವ ರಿವ್ಯೂಗಳಲ್ಲಿ ಯಾವುದನ್ನು ಮೊದಲು ನೋಡಲಿ?

ಪ್ರಶ್ನೆ: ಹೋದ ತಿಂಗಳು ನೀವು ರೆಡ್‌ಲೆಟರ್‌ಮೀಡಿಯಾ ಅಂತ, ಸಿನಿಮಾಗಳ ಬಗ್ಗೆ ತಮಾಷೆಯಾಗಿ ರಿವ್ಯೂ ಮಾಡುವ ಒಂದು ಯೂಟ್ಯೂಬ್ ಚಾನೆಲ್ ಬಗ್ಗೆ ಬರೆದಿದ್ರಿ. ಹುಡುಕಿಕೊಂಡು ಹೋದರೆ ರಾಶಿ ರಾಶಿ ವಿಡಿಯೊ. ನಿಮಗೆ ತುಂಬಾ ಇಷ್ಟವಾದ ಎಪಿಸೋಡ್ ಯಾವುದು ಸರ್? ಎಲ್ಲಿಂದ ಶುರು ಮಾಡಲಿ?
– ಓದುಗರು, ಮೈಸೂರು

ಉತ್ತರ: ಪ್ಲಿಂಕೆಟ್ ಅಜ್ಜನಿಂದ ಶುರು ಮಾಡಿ. ಈ ಚಾನೆಲ್ ನಡೆಸುವುದು ಅಮೆರಿಕದ ಮಿಲ್ವಾಕೀ ಊರಿನ ಸ್ನೇಹಿತರ ಗುಂಪು. ಅವರಲ್ಲಿ ಮೈಕ್ ಸ್ಟೋಕ್ಲಾಸಾ ಅನ್ನೋರು ಒಬ್ಬ ಸಿಡುಕು ಮುದುಕನ ದನಿಯಲ್ಲಿ, ಎಳೆದೆಳೆದು ಮಾತಾಡುತ್ತಾ ರಿವ್ಯೂ ಮಾಡುತ್ತಾರೆ. ಆ ಮುದುಕನೇ ಮಿಸ್ಟರ್ ಪ್ಲಿಂಕೆಟ್. 2009ರಲ್ಲಿ ಅವರು 'ಸ್ಟಾರ್ ವಾರ್ಸ್' ಸರಣಿಯ 'ದಿ ಫ್ಯಾಂಟಮ್ ಮೆನೇಸ್' ಸಿನಿಮಾದ ಬಗ್ಗೆ 70 ನಿಮಿಷದ ರಿವ್ಯೂ ಹಾಕಿದರು. ಆಗ ಯೂಟ್ಯೂಬ್‌ನಲ್ಲಿ ಹತ್ತು ನಿಮಿಷಕ್ಕಿಂತ ಜಾಸ್ತಿ ಉದ್ದದ ವಿಡಿಯೊ ಹಾಕಲು ಎಲ್ಲರಿಗೂ ಆಗುತ್ತಿರಲಿಲ್ಲ, ಹಾಗಾಗಿ ಏಳು ತುಂಡು ಮಾಡಿ ಹಾಕಿದ್ದರು. ನಾನು ಒಂದು ತುಂಡು ನೋಡಿ ಮಲಗೋಣ ಅಂತ ಕೂತವನು ಏಳೂ ಮುಗಿಸಿಯೇ ಎದ್ದೆ.

ನನಗೆ ತುಂಬಾ ಹಿಡಿಸಿದ್ದು ಅದರಲ್ಲಿರುವ ಒಂದು ಸಣ್ಣ ಆಟ. ನಾಲ್ಕೈದು ಜನರನ್ನು ಕೂರಿಸಿ ಒಂದು ಪ್ರಶ್ನೆ ಕೇಳುತ್ತಾರೆ: ಈ ಪಾತ್ರ ಎಂಥದ್ದು ಅಂತ ಹೇಳಿ, ಆದರೆ ನೋಡಲು ಹೇಗಿದೆ, ಯಾವ ಬಟ್ಟೆ ಹಾಕಿದೆ, ಏನು ಕೆಲಸ ಮಾಡುತ್ತದೆ ಅನ್ನೋದನ್ನು ಹೇಳುವ ಹಾಗಿಲ್ಲ. ಹಳೆಯ 'ಸ್ಟಾರ್ ವಾರ್ಸ್' ಸಿನಿಮಾದ ಹಾನ್ ಸೋಲೋ ಹೆಸರು ಹೇಳಿದ ತಕ್ಷಣ ಮಾತು ಪಟಪಟ ಅಂತ ಬರುತ್ತದೆ. ಹೊಸ ಸಿನಿಮಾದ ಕ್ವಾಯ್‌ಗಾನ್ ಅಂದ ಕೂಡಲೇ ಎಲ್ಲರೂ ತಡವರಿಸುತ್ತಾರೆ. ಅಷ್ಟೇ! ಪಾತ್ರದಲ್ಲಿ ಜೀವ ಇಲ್ಲ ಅಂತ ನಾವು ಸುಮ್ನೆ ಬಾಯಿಮಾತಿಗೆ ಹೇಳ್ತೀವಲ್ಲ, ಅದನ್ನು ಆ ಅಜ್ಜ ಒಂದೇ ಪ್ರಶ್ನೆಯಲ್ಲಿ ತೋರಿಸಿಬಿಟ್ಟ. ಆಮೇಲೆ ನಾನು ನೋಡಿದ ಪ್ರತಿ ಸಿನಿಮಾಕ್ಕೂ, ಕನ್ನಡದ್ದಿರಲಿ ಬೇರೆ ಭಾಷೆಯದಿರಲಿ, ಥಿಯೇಟರ್‌ನಿಂದ ಮನೆಗೆ ಬರುವ ದಾರಿಯಲ್ಲೇ ಈ ಆಟ ಆಡಿ ನೋಡುತ್ತೇನೆ.

ಕೊನೆಯ ಭಾಗವನ್ನೂ ತಪ್ಪದೇ ನೋಡಿ. ಆ ಸಿನಿಮಾದ ಕ್ಲೈಮ್ಯಾಕ್ಸ್‌ನಲ್ಲಿ ನಾಲ್ಕು ಕಡೆ ಒಟ್ಟಿಗೆ ಹೊಡೆದಾಟ ನಡೆಯುತ್ತದೆ. ಒಂದು ಕಡೆ ಸಾವು, ಇನ್ನೊಂದು ಕಡೆ ತಮಾಷೆ, ಮತ್ತೊಂದು ಕಡೆ ಚಿಕ್ಕ ಹುಡುಗನ ವಿಮಾನದಾಟ. ನೋಡುವವರು ಅಳಬೇಕಾ ನಗಬೇಕಾ? ಚಿತ್ರತಂಡವೇ ರಫ್ ಕಟ್ (ಎಡಿಟಿಂಗ್ ಪೂರ್ತಿ ಮುಗಿಯದ ಕಚ್ಚಾ ಪ್ರತಿ) ನೋಡಿ ಇದೇ ತೊಂದರೆ ಬಗ್ಗೆ ಮಾತಾಡಿಕೊಳ್ಳುವ ಮೇಕಿಂಗ್ ವಿಡಿಯೊ ತುಣುಕನ್ನೂ ಅಜ್ಜ ತಂದು ತೋರಿಸುತ್ತಾನೆ. ಎಡಿಟಿಂಗ್ ಕಲಿಯುವವರು ಇದನ್ನು ನೋಡಲೇಬೇಕು ಅಂತ ನನ್ನ ಅಭಿಪ್ರಾಯ.

ಒಂದು ಎಚ್ಚರಿಕೆ. ನಡುನಡುವೆ ಅಜ್ಜನ ಮನೆಯ ನೆಲಮಾಳಿಗೆಯಲ್ಲಿ ಹೆಂಗಸೊಬ್ಬಳನ್ನು ಕೂಡಿಹಾಕಿದ ಜೋಕುಗಳು ಬರುತ್ತವೆ. ನನಗೆ ಅವು ಒಂದು ಸಲವೂ ನಗು ತರಿಸಿಲ್ಲ. ಅವನ್ನು ಓಡಿಸಿಕೊಂಡು ಮುಂದೆ ಹೋಗಿ.

ಪ್ರಶ್ನೆ: ಮಕ್ಕಳ ಜೊತೆ ಕೂತು ನೋಡಬಹುದಾ?
– ಓದುಗರು, ತುಮಕೂರು

ಉತ್ತರ: ಬೇಡ. ಬೈಗುಳ ಜಾಸ್ತಿ.

ಪ್ರಶ್ನೆ: ಒಂದು ಸಿನಿಮಾ ಮಾಡಲು ಎಷ್ಟೋ ಜನ ಬೆವರು ಸುರಿಸಿರುತ್ತಾರೆ. ಅದನ್ನು ಹಿಡಿದುಕೊಂಡು ಆಡಿಕೊಂಡು ನಗೋದು ಸರಿಯಾ? ನನಗೇನೋ ಬೇಜಾರಾಗುತ್ತದೆ.
– ಓದುಗರು, ಧಾರವಾಡ

ಉತ್ತರ: ನಿಮ್ಮ ಬೇಜಾರು ನ್ಯಾಯವಾದದ್ದೇ. ಬರೀ ಆಡಿಕೊಳ್ಳುವ ಎಪಿಸೋಡುಗಳೂ ಇವೆ, ನಾನು ಅವನ್ನು ಎರಡನೇ ಸಲ ನೋಡುವುದಿಲ್ಲ. ಆದರೆ ಇದೇ ಗುಂಪು 2013ರಿಂದ 'ಬೆಸ್ಟ್ ಆಫ್ ದಿ ವರ್ಸ್ಟ್' ಅಂತ ಒಂದು ಸರಣಿ ಮಾಡುತ್ತಿದೆ. ಸಾಮಾನ್ಯವಾಗಿ ಮೂರು ಹಳೇ ವಿಡಿಯೊ ಕ್ಯಾಸೆಟ್ ಹಾಕಿ ನೋಡುತ್ತಾರೆ, ಆಮೇಲೆ ಮೇಜಿನ ಸುತ್ತ ಕೂತು ಹರಟೆ, ಕೊನೆಗೆ ಯಾವುದು ಒಳ್ಳೆಯದು, ಯಾವ ಕ್ಯಾಸೆಟ್ ಒಡೆದುಹಾಕಬೇಕು ಅಂತ ತೀರ್ಮಾನ. ಅದರಲ್ಲಿ 'ಮಯಾಮಿ ಕನೆಕ್ಷನ್' ಬರುವ ಎಪಿಸೋಡ್ ನೋಡಿ.

ಆ ಸಿನಿಮಾದ ಕತೆಯೇ ಒಂದು ಸಿನಿಮಾ. ಕೊರಿಯಾದಿಂದ ಬಂದು ಫ್ಲೋರಿಡಾದ ಒರ್ಲಾಂಡೊದಲ್ಲಿ ಟೇಕ್ವಾಂಡೊ ಶಾಲೆ ನಡೆಸುತ್ತಿದ್ದ ವೈ.ಕೆ. ಕಿಮ್ 1980ರ ದಶಕದಲ್ಲಿ ತಮ್ಮ ಹಣ ಹಾಕಿ ಅದನ್ನು ಮಾಡಿದರು. ರಾಕ್ ಬ್ಯಾಂಡಿನ ಹುಡುಗರು ಬೈಕ್ ಮೇಲೆ ಬರುವ ನಿಂಜಾಗಳ ಜೊತೆ ಬಡಿದಾಡುತ್ತಾರೆ! ಸಿನಿಮಾ ಓಡಲಿಲ್ಲ, ಎಲ್ಲರೂ ಮರೆತರು. 2009ರಲ್ಲಿ ಅಲಾಮೊ ಡ್ರಾಫ್ಟ್‌ಹೌಸ್ ಥಿಯೇಟರ್‌ಗೆ ಸಿನಿಮಾ ಆರಿಸುವ ಒಬ್ಬರು ಅದರ ಪ್ರಿಂಟನ್ನು ಇಬೇನಲ್ಲಿ 50 ಡಾಲರಿಗೆ ಕೊಂಡರು, 2012ರಲ್ಲಿ ಅದು ಮತ್ತೆ ತೆರೆಗೆ ಬಂತು, ಈ ಸಲ ಜನ ಎತ್ತಿಕೊಂಡು ಕುಣಿದರು.

ಈ ಎಪಿಸೋಡ್‌ನಲ್ಲಿ ರೆಡ್‌ಲೆಟರ್‌ಮೀಡಿಯಾ ಗುಂಪಿನವರ ಮುಖಗಳನ್ನು ಗಮನಿಸಿ. ನಟನೆ ಬರದವರು ಕಣ್ಣೀರು ಹಾಕುವ ದೃಶ್ಯ ಬಂದಾಗ ಹೊಟ್ಟೆ ಹಿಡಿದು ನಗುತ್ತಾರೆ, ನಿಜ. ಆದರೆ ಮದುವೆ ಮನೆಯಲ್ಲಿ ಸೋದರಮಾವ ಕುಣಿದಾಗ ನಾವು ನಗ್ತೀವಲ್ಲ, ಆ ನಗು ಅದು. ಕಿಮ್ ಮನಸಾರೆ ನಂಬಿ ಮಾಡಿದ್ದಾರೆ ಅನ್ನೋದು ಅವರಿಗೆ ಗೊತ್ತಾಗುತ್ತದೆ. ದುಡ್ಡು, ತಂತ್ರಜ್ಞರು ಎಲ್ಲ ಇದ್ದೂ ಸೋಮಾರಿತನದಿಂದ ಮಾಡಿದ ಸಿನಿಮಾಗಳ ಮೇಲೆ ಮಾತ್ರ ಅವರು ನಿಜವಾಗಿ ಸಿಟ್ಟಾಗುವುದು, ಆ ಸಿಟ್ಟು ನನಗೂ ಇದೆ.

ಪ್ರಶ್ನೆ: ಇಂಗ್ಲಿಷ್ ಸಿನಿಮಾ ಅಷ್ಟು ನೋಡಿಲ್ಲ. ನಮ್ಮ ಕಡೆ ಇಂಥದ್ದು ಇಲ್ವಾ?
– ಓದುಗರು, ಶಿವಮೊಗ್ಗ

ಉತ್ತರ: ಇದೆ. ಬೆಂಗಳೂರಿನಲ್ಲಿ ಸ್ಟ್ಯಾಂಡಪ್ ಶುರು ಮಾಡಿದ ಕಾನನ್ ಗಿಲ್ ಮತ್ತು ಬಿಸ್ವ ಕಲ್ಯಾಣ್ ರಥ್ ಸೇರಿ ಹಳೇ ಹಿಂದಿ ಸಿನಿಮಾಗಳ ಮೇಲೆ 'ಪ್ರಿಟೆನ್ಷಿಯಸ್ ಮೂವಿ ರಿವ್ಯೂಸ್' ಮಾಡಿದ್ದರು. ಇಬ್ಬರಿಗೂ ಹೆಸರು ತಂದಿದ್ದು ಅದೇ. ಕನ್ನಡ ಸಿನಿಮಾಗಳ ಮೇಲೆ ಇಷ್ಟು ಪ್ರೀತಿಯಿಂದ, ಇಷ್ಟು ವಿವರವಾಗಿ ಯಾರಾದರೂ ಮಾಡಲಿ ಅಂತ ನನಗೆ ತುಂಬಾ ಆಸೆ. ನಿಮ್ಮಲ್ಲಿ ಯಾರಾದರೂ ಮಾಡುತ್ತಿದ್ದರೆ ದಯವಿಟ್ಟು ಬರೆಯಿರಿ, ಕೂತು ಪೂರ್ತಿ ನೋಡುತ್ತೇನೆ.

ಪ್ರಶ್ನೆ: ಕ್ಯಾಸೆಟ್ ಪುಡಿ ಮಾಡಿ ಲಕ್ಷಗಟ್ಟಲೆ ದುಡ್ಡು ಎತ್ತಿದ ಎಪಿಸೋಡ್ ಇದೆ ಅಂತ ಮಗ ಹೇಳಿದ. ನಿಜಾನಾ?
– ಓದುಗರು, ಮಂಗಳೂರು

ಉತ್ತರ: ನಿಜ. 'ನೂಕಿ' ಅಂತ 1987ರ ಒಂದು ಸಿನಿಮಾ, ಸ್ಪೀಲ್‌ಬರ್ಗ್ ಅವರ 'ಇ.ಟಿ.' ಸಿನಿಮಾದ ನೆರಳಲ್ಲಿ ಬಂದ ಅನ್ಯಗ್ರಹದ ಜೀವಿಯ ಕತೆ. ರೆಡ್‌ಲೆಟರ್‌ಮೀಡಿಯಾದವರಿಗೆ ಅಭಿಮಾನಿಗಳು ವರ್ಷಗಟ್ಟಲೆ ಅದರ ಕ್ಯಾಸೆಟ್ ಕಳಿಸುತ್ತಲೇ ಇದ್ದರು, ಇವರು ನೋಡದೆ ಗುಡ್ಡೆ ಹಾಕುತ್ತಲೇ ಇದ್ದರು. ಹಳೇ ಕ್ಯಾಸೆಟ್‌ಗಳಿಗೆ ಗ್ರೇಡ್ (ಎಷ್ಟು ಚೆನ್ನಾಗಿ ಉಳಿದಿದೆ ಅನ್ನೋದಕ್ಕೆ ಅಂಕ) ಹಾಕಿಸಿ ಸಿಕ್ಕಾಪಟ್ಟೆ ಬೆಲೆಗೆ ಮಾರುವ ಹುಚ್ಚು ಶುರುವಾದಾಗ ಇವರಿಗೆ ಒಂದು ಯೋಚನೆ ಬಂತು. ಒಂದು ಪ್ರತಿಯನ್ನು ಗ್ರೇಡ್ ಮಾಡಿಸಿ ಇಟ್ಟುಕೊಂಡು ಉಳಿದ ನೂರಕ್ಕೂ ಹೆಚ್ಚು ಪ್ರತಿಗಳನ್ನು ಯಂತ್ರಕ್ಕೆ ಹಾಕಿ ಪುಡಿ ಮಾಡಿದರು. 2023ರ ಜನವರಿಯಲ್ಲಿ ಆ ಒಂದು ಕ್ಯಾಸೆಟ್ ಹರಾಜಿನಲ್ಲಿ 80,600 ಡಾಲರಿಗೆ ಹೋಯಿತು. ಆ ದುಡ್ಡು ಮಕ್ಕಳ ಕ್ಯಾನ್ಸರ್ ಚಿಕಿತ್ಸೆಗೆ ಹೆಸರಾದ ಸೇಂಟ್ ಜೂಡ್ ಆಸ್ಪತ್ರೆಗೆ ಮತ್ತು ವಿಸ್ಕಾನ್ಸಿನ್‌ನ ಪ್ರಾಣಿದಯಾ ಸಂಸ್ಥೆಗೆ ಹೋಯಿತು.

ಮಗನ ಜೊತೆ ಕೂತು ಆ ಎಪಿಸೋಡ್ ನೋಡಿ, ಅವನು ದೊಡ್ಡವನಾಗಿದ್ದರೆ. 'ನೂಕಿ' ಸಿನಿಮಾ ಮಾತ್ರ ನೋಡಲು ಹೋಗಬೇಡಿ, ಎಪಿಸೋಡ್‌ನಲ್ಲಿ ತೋರಿಸುವಷ್ಟೇ ಸಾಕು.